ನೀಲಿ ಉಂಗುರದ ನಿಪ್ಪಲ್ಲು

ಶೇಂಗಾ ಕೀಳುವ ಕಾಲ, ಇಳಿಹೊತ್ತು. ಗಂಡನ ಅಂಗಿಯನ್ನು ಬಕೀಟಿಗೆ ಅದ್ದುವ ಮೊದಲು ಜೇಬು ತಡವಿದ ಹೊನ್ನಕ್ಕನ ಬೆರಳಿಗೆ ಏನೋ ಮೆತ್ತಗೆ ತಗುಲಿತು. ತೆಗೆದು ನೋಡಿದಳು. ಕೂಸುಗಳು ಚೀಪುವ ನಿಪ್ಪಲ್ಲು. ಹಾಲಿನ ಸೀಸೆಯದಲ್ಲ, ಅಳು ನಿಲ್ಲಲೆಂದು ಬರಿದೇ ಬಾಯಿಗಿಡುತ್ತಾರಲ್ಲ, ಅಂಥದ್ದು. ಹಿಂದೆ ಒಂದು ನೀಲಿ ಉಂಗುರ. ರಬ್ಬರು ಇನ್ನೂ ಒದ್ದೆಯಾಗಿತ್ತು.

ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ.

"ಏನ್ರೀ ಇದು?"

ಗಂಗರಾಜು ಕೆಂಪೇರಿ ಅದನ್ನು ಕಸಿದುಕೊಂಡ. "ಮೊಳಕಾಲ್ಮೂರಿನೋರು ಮಗೀನ ಫೋಟೊ ತೆಗಿಸೋಕೆ ಬಂದಿದ್ರು. ಮರ್ತು ಬಿಟ್ಟೋದ್ರು. ಕೊಡ್ಬೇಕು."

ಅವನದು ಚಳ್ಳಕೆರೆಯಲ್ಲಿ ಸಣ್ಣ ಫೋಟೊ ಸ್ಟುಡಿಯೊ. ಮುಂದೆ ಸ್ಟುಡಿಯೊ, ಹಿಂದೆ ಮನೆ, ನಡುವೆ ಫಿಲಂ ತೊಳೆಯುವ ಕತ್ತಲಕೋಣೆ. ಬಣ್ಣದ ರೀಲು ದಾವಣಗೆರೆಗೆ ಹೋಗಬೇಕಿತ್ತು. ಕಪ್ಪು ಬಿಳುಪನ್ನು ಊರಲ್ಲೇ ತೊಳೆಯುತ್ತಿದ್ದ ಕಾಲವದು. ಹೊನ್ನಕ್ಕ ಅವನ ಮಾತು ನಂಬಿದಳು. ನಂಬದೆ ಏನು ಮಾಡುತ್ತಾಳೆ?

ಮತ್ತೆ ಬಟ್ಟೆ ಒಗೆಯುವ ದಿನ ಬಂತು. ಅದೇ ಉಂಗುರ ಇನ್ನೊಂದು ಅಂಗಿಯ ಜೇಬಿನಲ್ಲಿತ್ತು. ಈ ಸಲ ರಬ್ಬರಿನ ಮೇಲೆ ಹಲ್ಲು ಕಚ್ಚಿದ ಗುರುತು.

ಅವನು ಸಂತೆಗೆ ಹೋದಾಗ ಸ್ಟುಡಿಯೊದ ಡಬ್ಬಿಗಳನ್ನೆಲ್ಲ ತೆಗೆದು ಹುಡುಕಿದಳು. ಫೋಟೊ ಸಿಕ್ಕಿತು. ರೇಷ್ಮೆ ಸೀರೆ ಹಾಸಿದ ಮೇಲೆ ಒಂದು ಕೂಸು, ಮುಷ್ಟಿಯಲ್ಲಿ ಆ ಉಂಗುರ. ಬೊಚ್ಚುಬಾಯಿ ತೆರೆದು ನಗುತ್ತಿತ್ತು. ಹಣೆ ಗಂಗರಾಜುವಿನ ಹಣೆಯಂತೆಯೇ ಕಂಡಿತು. ನೋಡಿದಷ್ಟೂ ಹಾಗೇ ಕಂಡಿತು.

ಫೋಟೊದಲ್ಲಿ ಒಂದು ಹಲ್ಲೂ ಇಲ್ಲ, ರಬ್ಬರಿನ ಮೇಲೆ ಹಲ್ಲಿನ ಗುರುತು. ಹಾಗಾದರೆ ಫೋಟೊ ಹಳೆಯದು. ಕೂಸು ಬೆಳೆದಿದೆ. ಅದರ ಬಾಯಿಂದ ತೆಗೆದದ್ದು ಇವನ ಜೇಬಿಗೆ ಒದ್ದೆಯಾಗಿಯೇ ಬರುತ್ತದೆಂದರೆ, ಕೂಸು ಮೊಳಕಾಲ್ಮೂರಿನಲ್ಲಿಲ್ಲ. ಇಲ್ಲೇ ಎಲ್ಲೋ ಹತ್ತಿರದಲ್ಲಿದೆ.

ಮೂಲೆಯಂಗಡಿಯ ರಾಧಮ್ಮ ಉರಿಯುವುದಕ್ಕೆ ಎಣ್ಣೆ ಹೊಯ್ದಳು. "ಏನವ್ವ ಹೊನ್ನಕ್ಕ, ನಿಮ್ಮೆಜಮಾನ್ರು ಬೀಡಿಗೆ ಬರಾದೇ ಬಿಟ್ಟವ್ರೆ? ದಿನಕ್ಕೆರಡು ಕಟ್ಟು ಸುಡ್ತಿದ್ದೋರು! ಬೀಡಿ ವಾಸನೆ ಆಗ್ದಿರೋರು ಯಾರೋ ಸಿಕ್ಕಿರ್ಬೇಕು ಬಿಡು."

ನಕ್ಕೇ ಹೇಳಿದಳು. ಹೊನ್ನಕ್ಕ ನಗಲಿಲ್ಲ. ನಿಜ, ಗಂಡನ ಮೈಯಲ್ಲಿ ಬೀಡಿಯ ನಾತವಿರಲಿಲ್ಲ. ತಾನು ಕೈಮುಗಿದು ಬೇಡಿದಾಗ ಬಿಡದವನು ಯಾರ ಮಾತಿಗೆ ಬಿಟ್ಟ? ಈಚೆಗೆ ಸಣ್ಣದಕ್ಕೂ ಸಿಡುಕುತ್ತಿದ್ದ. ಊಟದ ತಟ್ಟೆ ಬಿಟ್ಟು ಹಿತ್ತಲಿಗೆ ಹೋಗುತ್ತಿದ್ದ. ಕತ್ತಲಕೋಣೆ ಹೊಕ್ಕರೆ ಒಳಗಿಂದ ಚಿಲಕ.

ಆ ಚಿಲಕಕ್ಕೊಂದು ಕಾರಣವಿತ್ತು. ಹೋದ ವರ್ಷ ಮುರುಗೇಂದ್ರಪ್ಪನ ಮಗಳ ಮದುವೆಯ ರೀಲು ತೊಳೆಯುವಾಗ, ಚಪಲ ತಡೆಯಲಾಗದೆ ಗಂಗರಾಜು ಕತ್ತಲಲ್ಲೇ ಬೀಡಿ ಹಚ್ಚಿದ್ದ. ಕಡ್ಡಿಯ ಬೆಳಕಿಗೆ ಇಡೀ ಮದುವೆ ಕರ್ರಗಾಯಿತು. ಮುರುಗೇಂದ್ರಪ್ಪ ಬೀದಿಯಲ್ಲಿ ನಿಂತು ಉಗಿದ. ಆಮೇಲೆ ಯಾರೂ ಇವನನ್ನು ಮದುವೆಯ ಫೋಟೊಗೆ ಕರೆಯಲಿಲ್ಲ. ಈಗ ಪರಶುರಾಂಪುರದ ದೊಡ್ಡೀರಪ್ಪ, ದೂರದ ನೆಂಟ, ಪಾಪವೆಂದು ಮಗಳ ಮದುವೆಗೆ ಕರೆದಿದ್ದ. ಇದೂ ಕೆಟ್ಟರೆ ಸ್ಟುಡಿಯೊ ಮುಚ್ಚಬೇಕು. ಯಾರೂ ಬಾಗಿಲು ತೆರೆದು ರೀಲಿಗೆ ಬೆಳಕು ಬಿಡಬಾರದೆಂದೇ ಚಿಲಕ ಎಂದು ಅವಳು ತಿಳಿದಿದ್ದಳು. ಈಗ ಆ ತಿಳಿವಳಿಕೆಯೂ ಅಲುಗಾಡಿತು. ಪಕ್ಕದ ಓಣಿಗೆ ತೆರೆಯುವ ಬಾಗಿಲೊಂದು ಆ ಕೋಣೆಗೂ ಇತ್ತಲ್ಲ.

ಸಿದ್ದಾಪುರದ ತಮ್ಮನಿಗೆ ಹೇಳಿಕಳಿಸಿದಳು. ಏಕಾಂತಪ್ಪ ಭಾನುವಾರ ಬಂದ.

"ಗಂಟು ಕಟ್ಟಿಟ್ಟಿದೀನಿ ಕಣೋ. ನಾಳೆ ನಿನ್ ಜತೇಲೇ ಬರ್ತೀನಿ. ಈ ಮನೆಗೂ ನಂಗೂ ತೀರ್ತು."

"ಸುಮ್ಕಿರಕ್ಕ. ಕಣ್ಣಾರೆ ಕಂಡಿದೀಯಾ?"

"ಇವತ್ತು ಕಾಣ್ತೀನಿ. ಬಾ."

ಎಣ್ಣೆಮಿಲ್ಲುಗಳಿಗೆ ಅಂದು ರಜೆ. ದಿನವೂ ಗೋಡೆ ನಡುಗಿಸುವ ಸದ್ದಿರಲಿಲ್ಲ. ಮಧ್ಯಾಹ್ನದ ಬಿಸಿಲು ಪಡಸಾಲೆಯ ತುಂಬ ಬಿದ್ದಿತ್ತು. ಇಬ್ಬರೂ ಕತ್ತಲಕೋಣೆಯ ಬಾಗಿಲಿಗೆ ಕಿವಿಯಿಟ್ಟರು.

ಚಪ್. ಚಪ್. ಚಪ್.

ಕೂಸು ಚೀಪುವ ಸದ್ದು. ಏಕಾಂತಪ್ಪನ ಮುಖದ ನಗೆಯೂ ಆರಿತು.

ಅವಳು ಬಾಗಿಲು ಬಡಿದಳು. ಸದ್ದು ನಿಂತಿತು.

"ಒಳಗ್ಯಾರವ್ರೆ? ಬಾಗ್ಲು ತೆಗೀರಿ!"

"ಊಹೂಂ!" ಬಾಯಿ ಬಿಡದ ದನಿ.

"ಭಾವ, ಮರ್ವಾದೆಯಾಗಿ ತೆಗಿ. ಇಲ್ಲಾಂದ್ರೆ ಒದೀತೀನಿ."

"ಊಹೂಂ! ಊಹೂಂ!"

"ಆ ಕೂಸಿನ ಮುಖ ನಂಗೂ ತೋರ್ಸ್ರಿ," ಎಂದಳು ಹೊನ್ನಕ್ಕ. "ನಾನೇನ್ ಅದನ್ನ ಕೊಂದ್ಹಾಕ್ತೀನಾ? ಒಂದ್ಸಲ ಎತ್ಕಂಡು, ಹೊಂಟೋಗ್ತೀನಿ."

ಏಕಾಂತಪ್ಪ ಒದ್ದ. ಚಿಲಕ ಕಿತ್ತುಬಂತು. ಪಡಸಾಲೆಯ ಬಿಸಿಲೆಲ್ಲ ಒಳಗೆ ನುಗ್ಗಿತು.

ಹೆಂಗಸಿರಲಿಲ್ಲ. ಕೂಸೂ ಇರಲಿಲ್ಲ. ದೊಡ್ಡೀರಪ್ಪನ ಮಗಳ ಧಾರೆಯ ರೀಲನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, ಪೊದೆಮೀಸೆಯ ಕೆಳಗೆ ನೀಲಿ ಉಂಗುರ ಜೋತುಬಿಟ್ಟುಕೊಂಡು, ನಲವತ್ತರ ಗಂಗರಾಜು ಒಬ್ಬನೇ ನಿಂತಿದ್ದ. ಹಲ್ಲಿನ ಹಿಡಿತ ಸಡಿಲಿ ನಿಪ್ಪಲ್ಲು ಕೆಳಗೆ ಬಿತ್ತು.

"ಬಾಯಿಗೆ ಬೀಡಿ ಬರ್ಬಾರ್ದು ಅಂತ ಇದನ್ನ ಕಚ್ಕಂಡಿದ್ದೆ ಕಣೇ," ಎಂದ. "ಈ ಮದ್ವೇನೂ ಸುಟ್ಟೋಯ್ತಲ್ಲೇ!"

ಸೋಮವಾರ ಏಕಾಂತಪ್ಪ ಒಬ್ಬನೇ ಸಿದ್ದಾಪುರದ ಬಸ್ಸು ಹತ್ತಿದ. ಮಂಗಳವಾರ, ದೊಡ್ಡೀರಪ್ಪನ ಅಂಗಳದಲ್ಲಿ ತಲೆತಗ್ಗಿಸಿ ನಿಲ್ಲಲು ಪರಶುರಾಂಪುರಕ್ಕೆ ಹೊರಟವಳು ಹೊನ್ನಕ್ಕ.