ಚೊಚ್ಚಲು ಹೆರಿಗೆಗೆ ಹನ್ನೆರಡು ಗಂಟೆ

"ನಿಮ್ಮ ಕೆಲಸದಲ್ಲಿ ನಿಮಗೆ ಕಂಡ ಅರ್ಥವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ" ಎಂದು ಮಣಿಪಾಲದಿಂದ ಬಂದಿದ್ದ ಕೌನ್ಸೆಲರ್ ರೇಚಲ್ ಹೇಳುತ್ತಿರುವಾಗಲೇ ಹರಿಣಾಕ್ಷಿಯ ಫೋನು ಗುರುಗುಟ್ಟಿತು. ಉಡುಪಿಯಿಂದ ಅಳಿಯ ಯಶ್ವಂತ್.

"ಅತ್ತೆ, ಕಾವ್ಯಳಿಗೆ ನೋವು ಶುರುವಾಯ್ತು. ಅಡ್ಮಿಟ್ ಮಾಡಿದ್ದೇವೆ. ನಿಮ್ಮನ್ನೇ ಕೇಳ್ತಿದ್ದಾಳೆ."

"ಎಷ್ಟು ಗಂಟೆಗೆ ಶುರುವಾದದ್ದು?"

"ಎಂಟೂವರೆಗೆ."

ಈಗ ಹತ್ತು. ಡಾಕ್ಟರು ಕೊಟ್ಟ ತಾರೀಖಿಗೆ ಇನ್ನೂ ಒಂಬತ್ತು ದಿನ ಇತ್ತು! ಹರಿಣಾಕ್ಷಿ ಬ್ಯಾಗು ಹೆಗಲಿಗೇರಿಸಿ ಎದ್ದೇಬಿಟ್ಟಳು.

"ಸಿಸ್ಟರ್, ನಾಲ್ಕು ಗಂಟೆಗೆ ಹಾಜರಿ ಸಹಿ ಉಂಟು," ರೇಚಲ್ ಸಂಕೋಚದಿಂದ ಅಂದಳು. "ಸಹಿ ಇಲ್ಲದವರ ರಜೆ ಕ್ಯಾನ್ಸಲ್ ಅಂತ ನಿಮ್ಮ ಮೇಟ್ರನ್ ಹೇಳಿದ್ದಾರೆ. ನಾನು ಎಂತ ಮಾಡುವುದು?"

ಹರಿಣಾಕ್ಷಿ ಕಾರ್ಕಳದ ಖಾಸಗಿ ಆಸ್ಪತ್ರೆಯೊಂದರ ಲೇಬರ್ ರೂಮಿನ ನರ್ಸ್. ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಮೇಟ್ರನ್ ಬಾಗಿಲು ಸವೆಸಿ ಪಡೆದ ಒಂದು ತಿಂಗಳ ರಜೆ ನಾಳೆಯಿಂದ ಶುರು. ಆರು ಜನರ ಕೆಲಸವನ್ನು ಮೂವರೇ ಎಳೆದು ಎಳೆದು ಸೊರಗಿದ್ದಕ್ಕೆ ಆಡಳಿತದವರು ಕಂಡುಹಿಡಿದ ಮದ್ದು ಈ ಮನಸ್ಸಿನ ಶಿಬಿರ. ಇನ್ನೊಬ್ಬ ನರ್ಸನ್ನು ಕೊಡಿ ಎಂದರೆ ಅರ್ಥ ಕೊಡುತ್ತಾರಂತೆ, ಅರ್ಥ!

ಅವಳು ಫೋನು ಹಿಡಿದುಕೊಂಡೇ ನಿಂತಲ್ಲೇ ಲೆಕ್ಕ ಹಾಕಿದಳು. ಇಪ್ಪತ್ತೆಂಟು ವರ್ಷ ಹೆರಿಗೆ ಮಾಡಿಸಿದವಳು. ಚೊಚ್ಚಲು, ಏನೆಂದರೂ ಹನ್ನೆರಡು ಗಂಟೆ ಬೇಕು. ರಾತ್ರಿ ಎಂಟರ ಒಳಗೆ ಮಗು ಬರುವ ಮಾತೇ ಇಲ್ಲ. ನಾಲ್ಕಕ್ಕೆ ಸಹಿ ಹಾಕಿ ಬಸ್ಸು ಹತ್ತಿದರೆ ಐದೂವರೆಯೊಳಗೆ ಉಡುಪಿ.

"ಗಾಬರಿ ಮಾಡಬೇಡಿ ಯಶ್ವಂತ್. ಚೊಚ್ಚಲು ಅಲ್ವಾ? ಸಂಜೆ ಅಮ್ಮ ಬರ್ತಾರೆ, ಅಷ್ಟರವರೆಗೆ ಎಂತದೂ ಆಗುವುದಿಲ್ಲ ಅಂತ ಅವಳಿಗೆ ಹೇಳಿ."

ಕುಳಿತಳು. "ಉಸಿರು ಎಳೆದುಕೊಳ್ಳಿ, ನಿಧಾನ ಬಿಡಿ" ಎಂದಳು ರೇಚಲ್. ಕರ್ಮವೇ! ದಿನವಿಡೀ ಬಸುರಿಯರಿಗೆ ಇದನ್ನೇ ಹೇಳಿ ಗಂಟಲು ಹರಿದುಕೊಳ್ಳುವವಳಿಗೆ ಈ ಹುಡುಗಿಯ ಪಾಠ. ಅಲ್ಲಿ ಕಾವ್ಯ ಯಾರ ಮಾತು ಕೇಳಿ ಉಸಿರು ಬಿಡುತ್ತಿದ್ದಾಳೋ!

ಹನ್ನೆರಡೂವರೆಗೆ ಮತ್ತೆ ಫೋನು.

"ಅತ್ತೆ, ಹೆಣ್ಣು! ಹನ್ನೆರಡು ಹತ್ತಕ್ಕೆ, ನಾರ್ಮಲ್. ಇಬ್ಬರೂ ಸೌಖ್ಯ." ಯಶ್ವಂತ್ ನಗುತ್ತಿದ್ದ. "ಮಗು ಬರ್ತಾ ಉಂಟು ಅಂತ ನರ್ಸ್ ಹೇಳಿದರೆ ಇವಳು ಒಪ್ಪಲೇ ಇಲ್ಲವಂತೆ. 'ಇಲ್ಲ, ಅಮ್ಮ ಬರುವವರೆಗೆ ಆಗುವುದಿಲ್ಲ, ಅಮ್ಮ ಹೇಳಿದ್ದಾರೆ' ಅಂತ ಬಾಗಿಲು ನೋಡ್ತಾ ಇದ್ದಳಂತೆ."

ಹರಿಣಾಕ್ಷಿಗೆ ತನ್ನ ಲೆಕ್ಕದ ಮೇಲೆಯೇ ಸಿಟ್ಟು ಬಂತು. ಇನ್ನು ಓಡಿ ಫಲವಿಲ್ಲ, ರಜೆಯನ್ನಾದರೂ ಉಳಿಸಿಕೊಳ್ಳಬೇಕು. ನಾಲ್ಕರವರೆಗೆ ಹಲ್ಲು ಕಚ್ಚಿ ಕುಳಿತಳು.

ಸಹಿಯ ಜೊತೆಗೆ ರೇಚಲ್ ಒಂದು ಹಾಳೆ ಕೊಟ್ಟಳು: 'ಇಂದಿನ ಶಿಬಿರದ ಬಗ್ಗೆ ನಿಮ್ಮ ಮಾತು.' ಲೇಬರ್ ರೂಮಿನ ರಿಜಿಸ್ಟರಿನಲ್ಲಿ ಪಳಗಿದ ಕೈ ಒಂದು ಕ್ಷಣವೂ ತಡೆಯದೆ ಬರೆಯಿತು:

'ಹೆಣ್ಣು ಮಗು. ಮಧ್ಯಾಹ್ನ ಹನ್ನೆರಡು ಹತ್ತು. ಸಹಜ ಹೆರಿಗೆ. ಅಜ್ಜಿ ಶಿಬಿರಕ್ಕೆ ಹಾಜರು.'