ಮೂರು ಆಟ ಸುಮ್ಮನಿರುವ ದ್ವೀಪ

ಮಗಳ ಕ್ರೇಯಾನ್ ಡಬ್ಬಿಯ ಮೇಣದ ವಾಸನೆ ಬಂದರೆ ಈಗಲೂ ನನಗೆ ರಾಜಾಜಿನಗರದ ಬಾಡಿಗೆ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಹಾವು-ಏಣಿ ಆಟದ ಹಾಳೆ ಹರಿದುಹೋಗಿತ್ತು. ದಾಳ, ಕಾಯಿಗಳಷ್ಟೇ ಉಳಿದಿದ್ದವು. ನಾನೂ ಅಕ್ಕನೂ ಹಳೇ ಕ್ಯಾಲೆಂಡರಿನ ನುಣುಪಾದ ಹಿಂಬದಿಯಲ್ಲಿ ಕ್ರೇಯಾನಿನಿಂದ ನಮ್ಮದೇ ಒಂದು ಪ್ರಪಂಚದ ನಕ್ಷೆ ಬರೆದು, ದೇಶದಿಂದ ದೇಶಕ್ಕೆ ಕಾಯಿ ನಡೆಸಲು ಮನೆಗಳನ್ನು ಹಾಕಿದೆವು. ಸಮುದ್ರದ ನಡುವೆ ಅಕ್ಕ ಒಂದು ಕಪ್ಪು ದ್ವೀಪ ಬರೆದು, ಅದರ ಮೇಲೆ ಮೂರು ಎಂದು ಹಾಕಿದಳು. ಅಲ್ಲಿ ಸಿಕ್ಕಿಬಿದ್ದವರು ಮೂರು ಆಟ ಸುಮ್ಮನೆ ಕೂರಬೇಕು.

ಅಷ್ಟರಲ್ಲಿ ಅಮ್ಮ ಫ್ಯಾಕ್ಟರಿಯ ಮೊದಲ ಶಿಫ್ಟ್ ಮುಗಿಸಿ ಬಂದಳು. "ಒಂದೇ ಒಂದಾಟ ಬಾಮ್ಮಾ" ಎಂದು ಕೈ ಹಿಡಿದು ಎಳೆದೆ. ಸೀರೆಯನ್ನೂ ಬದಲಿಸದೆ ಗೋಡೆಗೊರಗಿ ಕೂತು ದಾಳ ಹಾಕಿದಳು. ಅವಳ ಕಾಯಿ ನೇರ ಆ ದ್ವೀಪಕ್ಕೇ ಹೋಯಿತು. ನಾವು ಚಪ್ಪಾಳೆ ತಟ್ಟಿ ಕುಣಿದೆವು.

"ಇಲ್ಲಿ ಬಂದ್ರೆ ಏನ್ ಮಾಡ್ಬೇಕೇ?"

"ಏನೂ ಮಾಡೋ ಹಾಗಿಲ್ಲ. ಮೂರು ಆಟ ಸುಮ್ನೆ ಕೂತಿರ್ಬೇಕು," ಎಂದಳು ಅಕ್ಕ.

"ಮೂರೇನಾ? ಇನ್ನೊಂದ್ ನಾಲ್ಕು ಜಾಸ್ತಿ ಹಾಕೇ," ಎಂದ ಅಮ್ಮ ಹಾಗೇ ಕಣ್ಣು ಮುಚ್ಚಿದಳು.

ಮೂರು ಆಟ ಮುಗಿದು ಮತ್ತೆ ಅವಳ ಸರದಿ ಬಂದಾಗ ಎಬ್ಬಿಸಲು ಹೋದೆ. ಅಕ್ಕ ನನ್ನ ಕೈ ತಡೆದು, ದ್ವೀಪದ ಮೇಲಿದ್ದ ಮೂರನ್ನು ಹೊಡೆದುಹಾಕಿ ಹತ್ತು ಎಂದು ಬರೆದಳು. ಆಮೇಲೆ ಸದ್ದಾಗದಂತೆ ದಾಳವನ್ನು ನನ್ನ ಲಂಗದ ಮೇಲೆ ಉರುಳಿಸುತ್ತಾ ಇಬ್ಬರೇ ಆಡಿದೆವು.