ಬಯಲು ದಾಟದ ಸೊಳ್ಳೆ

ಕಂಪ್ಯೂಟರಿನ ತೆರೆಯ ಮೇಲೆ ಚುಕ್ಕಿಗಳು ಎರಡು ಗುಂಪಾಗಿ ಕೂತಿದ್ದವು. ಒಂದೊಂದು ಚುಕ್ಕಿಯೂ ಒಂದೊಂದು ಸೊಳ್ಳೆ. ಹಸಿರು ದೊಡ್ಡ ಕಾಡಲ್ಲಿ ಹಿಡಿದವು, ಕೆಂಪು ಅವಳ ಅಕ್ಕನ ಮನೆಯ ಹಿಂದಿನ ತುಂಡು ಕಾಡಲ್ಲಿ ಹಿಡಿದವು; ಒಂದೇ ವಂಶದವು ಒಂದೇ ಕಡೆ ಗುಂಪುಗೂಡುತ್ತವೆ. ನಡುವೆ ಖಾಲಿ ಜಾಗ, ಮರ ಕಡಿದು ಆ ಎರಡು ಕಾಡುಗಳನ್ನು ಬೇರೆ ಮಾಡಿದ ಬಯಲಿನ ಹಾಗೆಯೇ. ಆದರೆ ಐದಾರು ಕೆಂಪು ಚುಕ್ಕಿಗಳು ಹಸಿರು ಗುಂಪಿನ ಮಡಿಲಲ್ಲಿ ಕೂತಿದ್ದವು, ಮುನಿಸಿಕೊಂಡ ಮಗಳು ತವರಿಗೆ ಬಂದು ಕೂತ ಹಾಗೆ.

"ಹಿಡಿದದ್ದು ತುಂಡು ಕಾಡಲ್ಲಿ, ವಂಶ ದೊಡ್ಡ ಕಾಡಿಂದು. ಯಾವ ಮರದ ಹತ್ತಿರ ಸಿಕ್ಕಿದ್ದು ಇವು?" ಅವಳ ಸಂಶೋಧನೆಗೆ ಮಾರ್ಗದರ್ಶಿಯಾದ ಮೇಡಂ ಕೇಳಿದರು.

"ಭಾವ ನನ್ನ ಬೊಂಬು ಕಟ್ಟಿದ ಮರದ ಹತ್ತಿರ." ಬೊಂಬಿನ ತುಂಡುಗಳಲ್ಲಿ ನೀರು ತುಂಬಿ ಮರಕ್ಕೆ ಕಟ್ಟಿದರೆ ಕಾಡಿನ ಸೊಳ್ಳೆ ಬಂದು ಮೊಟ್ಟೆಯಿಡುತ್ತದೆ. ಅವಳ ಕೆಲಸ ನಡೆಯುವುದೇ ಹಾಗೆ.

"ಹೊಸ ಬೊಂಬಾ?"

"ದೊಡ್ಡ ಕಾಡಲ್ಲಿ ಕಟ್ಟಿದ್ದವೇ. ಅಲ್ಲಿ ಕೆಲಸ ಮುಗಿದಿತ್ತಲ್ಲ... ತೊಳೆದು ಒಣಗಿಸಿದ್ದೆ."

"ಕುದಿಸಿದ್ಯಾ?"

ಅವಳು ಆ ಐದಾರು ಕೆಂಪು ಚುಕ್ಕಿಗಳತ್ತ ತಿರುಗಿದಳು.

"ತೊಳೆದ್ರೆ ಹೋಗೋಕೆ ಅದೇನು ಕಾಫಿ ಲೋಟವೇನೇ? ಮೊಟ್ಟೆ ಬೊಂಬಿಗೆ ಅಂಟ್ಕೊಂಡು ತಿಂಗಳುಗಟ್ಟಲೆ ಒಣಗಿರುತ್ತೆ, ನೀರು ಬಿದ್ದ ದಿನ ಎದ್ದು ಕೂರುತ್ತೆ. ತಾಯಿಗೆ ರೋಗ ಇದ್ರೆ ಮರಿಗೂ ಬರಬಹುದು. ಲ್ಯಾಬಿಗೆ ಹೊಸದಾಗಿ ಬಂದವರಿಗೆಲ್ಲ ಈ ಪಾಠ ಹೇಳ್ತಿದ್ದವಳು ನೀನೇ ಅಲ್ವಾ!" ಏರಿದ ದನಿ ಅಲ್ಲಿಗೇ ನಿಂತಿತು. ಮೇಡಂ ಕನ್ನಡಕ ತೆಗೆದರು. "ನಿಮ್ಮ ಭಾವ ಹೇಗಿದ್ದಾರೆ ಈಗ?"

ಆಸ್ಪತ್ರೆಯಲ್ಲಿ ಭಾವನ ಕಣ್ಣು ಅರಿಶಿನದಂತಾಗಿತ್ತು, ಮೂತ್ರ ನಿಂತುಹೋಗಿತ್ತು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅಕ್ಕ ಅವಳಿಗಾಗಿ ಜಾಗ ಬಿಟ್ಟು ಕೂತಿದ್ದಳು. ದೊಡ್ಡ ಕಾಡಿನಲ್ಲಿ ಸೊಳ್ಳೆ ಕಚ್ಚಿ ಹರಡುವ ಈ ಜ್ವರಕ್ಕೆ ಕೋತಿಗಳು ಸತ್ತು ಬೀಳತೊಡಗಿದಾಗ ಇದೇ ಅಕ್ಕ ಅದರ ಚುಚ್ಚುಮದ್ದಿಗೆ ಹೋಗಲೇನೇ ಎಂದು ಕೇಳಿದ್ದಳು. ಇವಳು ನಕ್ಕುಬಿಟ್ಟಿದ್ದಳು. "ಇರೋದೇ ಸ್ವಲ್ಪ, ಆ ಕಾಡಿನ ಅಂಚಿನವರಿಗೆ ಸಿಗಲಿ ಬಿಡು. ಅಜ್ಜಿ ಕಥೆಯ ನೆರಳು ರಾಕ್ಷಸ ನೆನಪಿಲ್ವಾ? ಬಿಸಿಲಿನ ಬಯಲಿಗೆ ಕಾಲಿಟ್ರೆ ಸುಟ್ಟುಹೋಗ್ತಿದ್ನಲ್ಲ. ಈ ಸೊಳ್ಳೆನೂ ಹಾಗೇ." ಅದು ಸುಳ್ಳೂ ಆಗಿರಲಿಲ್ಲ. ಬಯಲನ್ನು ಯಾವ ಸೊಳ್ಳೆಯೂ ದಾಟಿರಲಿಲ್ಲ.

"ಅಕ್ಕಾ, ಒಂದು ಮಾತು ಹೇಳ್ಬೇಕು. ಆ ಸೊಳ್ಳೆ..."

"ನೀನ್ಯಾಕೆ ಹೀಗೆ ಮುಖ ಮಾಡ್ತೀಯ? ದಾಟಲ್ಲ ಅಂದಿದ್ದೆ, ದಾಟ್ತು. ನಿನ್ನನ್ನ ಕೇಳಿ ದಾಟುತ್ತಾ ಅದು?" ಅಕ್ಕ ಅವಳ ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಆ ಕಥೇಲೂ ಕೊನೆಗೆ ದಾಟ್ತಾನೆ ಕಣೆ. ನಿನಗೆಲ್ಲಿ ಗೊತ್ತು, ನಿದ್ದೆಬುರುಕಿ! ಅರ್ಧ ಕಥೆಗೇ ಗೊರಕೆ ಹೊಡೀತಿದ್ದೆ."

"ಹೇಗೆ ದಾಟ್ತಾನೆ?"

"ಕಾಡಿಗೆ ನೀರಿಗೆ ಬಂದ ಹುಡುಗಿಯ ಬಿಂದಿಗೆಯೊಳಗೆ ಚಿಕ್ಕದಾಗಿ ಮುದುರಿ ಕೂತ್ಕೋತಾನೆ. ಅವಳೇ ಸೊಂಟದ ಮೇಲಿಟ್ಕೊಂಡು ಊರಿಗೆ ತರ್ತಾಳೆ."

"ಊರವರು ಅವಳನ್ನ ಏನು ಮಾಡಿದ್ರು?"

"ಏನು ಮಾಡ್ತಾರೆ? ಊರಲ್ಲಿ ಯಾರೂ ಉಳಿಯಲ್ಲ, ಅವಳೊಬ್ಬಳನ್ನ ಬಿಟ್ಟು. ಪಾಪ, ಅವಳಿಗೇನು ಗೊತ್ತು." ಅಕ್ಕ ವಾರ್ಡಿನ ಬಾಗಿಲ ಕಡೆ ನೋಡಿದಳು. ಆಮೇಲೆ ಏನೋ ನೆನಪಾದವಳಂತೆ, ತಂಗಿಗೆ ಇದೊಂದು ಸಮಾಧಾನವಾದರೂ ಆಗಲಿ ಎಂಬಂತೆ ಹೇಳಿದಳು: "ನಿನ್ನ ಬೊಂಬಿನ ಚಿಂತೆ ಬೇಡ. ನೀರು ಆರಬಾರದು ಅಂದಿದ್ಯಲ್ಲ, ಜ್ವರ ಬಂದ ದಿನವೂ ನಿಮ್ಮ ಭಾವ ಹೋಗಿ ತುಂಬಿಸಿ ಬಂದ್ರು. ಅವರು ಮಲಗಿದ ಮೇಲೆ ನಾನೇ ದಿನಾ ಹೋಗಿ ಹಾಕ್ತಿದೀನಿ."

ಹೇಳುತ್ತ ಹೇಳುತ್ತ ಅಕ್ಕ ಮೊಣಕೈಯ ಮೇಲೆದ್ದ ಕೆಂಪು ದದ್ದನ್ನು ಪರಪರನೆ ಕೆರೆದುಕೊಂಡಳು.